ಟೀಚರಮ್ಮನನ್ನು ಕೇಳಿ: ಅತ್ತೆ, ಜಪಸರ ಮತ್ತು ಎಂಟು ಗಂಟೆಯ ಮೀಟಿಂಗ್

(ಟೀಚರಮ್ಮ ಮೈಸೂರಿನಲ್ಲಿರುವ ನಿವೃತ್ತ ಹೈಸ್ಕೂಲ್ ಶಿಕ್ಷಕಿ. ಹುಟ್ಟಿ ಬೆಳೆದದ್ದು ಉಡುಪಿ ಕಡೆ. ಈಗಲೂ ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಾರೆ. ಕ್ಯಾಥೋಲಿಕ್ ಮನೆಗಳ ದಿನನಿತ್ಯದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸುತ್ತಾರೆ. ಕೇಳಿದವರ ಹೆಸರು ಹಾಕುವುದಿಲ್ಲ.)

ಪ್ರಶ್ನೆ: ಟೀಚರಮ್ಮ, ನಾವು ಬೆಂಗಳೂರಿನಲ್ಲಿ ಫ್ಲಾಟ್‌ನಲ್ಲಿದ್ದೇವೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಾವ ತೀರಿಕೊಂಡ ಮೇಲೆ ಅತ್ತೆ ಬೆಳ್ತಂಗಡಿಯ ಮನೆಗೆ ಬೀಗ ಹಾಕಿ ನಮ್ಮ ಜೊತೆಗೇ ಬಂದಿದ್ದಾರೆ. ರಾತ್ರಿ ಎಂಟಕ್ಕೆ ಪೂರ್ತಿ ತೆರ್ಸ್ (ಮಣಿ ಎಣಿಸಿ ಹೇಳುವ ಜಪಸರದ ಪ್ರಾರ್ಥನೆ) ಆಗಲೇಬೇಕು, ಲೆತಾನಿಯೂ (ಮರಿಯಮ್ಮನವರ ಬಿರುದುಗಳ ಸಾಲು ಪ್ರಾರ್ಥನೆ) ಸೇರಿ. ನಾಲ್ಕು ವರ್ಷದ ಮಗಳು ಅಲ್ಲೇ ನಿದ್ದೆ ಹೋಗುತ್ತಾಳೆ. ಒಂಬತ್ತು ವರ್ಷದ ಮಗ "ಇನ್ನೆಷ್ಟು ಮಣಿ?" ಅನ್ನುತ್ತಾನೆ. ಗಂಡನಿಗೆ ಅದೇ ಹೊತ್ತಿಗೆ ಆಫೀಸ್ ಮೀಟಿಂಗ್. ಕೊನೆಗೆ ಅತ್ತೆಯ ಎದುರು ಕೂತು ಉತ್ತರ ಹೇಳುವವಳು ನಾನೊಬ್ಬಳೇ, ಒಲೆಯ ಮೇಲೆ ಅನ್ನ. ಪ್ರಾರ್ಥನೆ ಅಂದರೆ ಸಿಟ್ಟು ಬರುವ ಹಾಗಾಗಿದೆ. ಇದು ಪಾಪವಾ?
(ಒಬ್ಬ ಸೊಸೆ, ಬೆಂಗಳೂರು)

ಉತ್ತರ: ಇಲ್ಲಮ್ಮ, ಪಾಪ ಅಲ್ಲ. ದಿನವಿಡೀ ದುಡಿದು ಬಂದವಳಿಗೆ ಹೊಟ್ಟೆ ಹಸಿದಿದ್ದಾಗ ಸಿಟ್ಟು ಬರುತ್ತದೆ. ಅದನ್ನು ಪಾಪನಿವೇದನೆಗೆ ತೆಗೆದುಕೊಂಡು ಹೋಗಬೇಡ, ಮೊದಲು ಊಟದ ಹೊತ್ತು ಸರಿ ಮಾಡಿಕೋ.

ಒಂದು ವಿಷಯ ತಿಳಿದುಕೋ. ಮನೆಯಲ್ಲಿ ದಿನಾ ಜಪಸರ ಹೇಳದಿದ್ದರೆ ಪಾಪ ಅಂತ ಧರ್ಮಸಭೆ (ಕ್ಯಾಥೋಲಿಕ್ ಚರ್ಚ್) ಎಲ್ಲೂ ಹೇಳಿಲ್ಲ. ಭಾನುವಾರ ಚರ್ಚಿನಲ್ಲಿ ನಡೆಯುವ ಬಲಿಪೂಜೆ ಕಡ್ಡಾಯ. ಜಪಸರ ಕಡ್ಡಾಯ ಅಲ್ಲ. ಹೇಳಿದರೆ ಒಳ್ಳೆಯದು, ಕುಟುಂಬವಾಗಿ ಹೇಳಿದರೆ ಇನ್ನೂ ಒಳ್ಳೆಯದು ಅಂತ ಒಬ್ಬರಾದ ಮೇಲೆ ಒಬ್ಬರು ಪೋಪರು ಹೇಳಿದ್ದಾರೆ, ಅಷ್ಟೇ. ನಮ್ಮ ಕಡೆಯ ಮನೆಗಳಲ್ಲಿ ಅದು ನಿಯಮಕ್ಕಿಂತ ದೊಡ್ಡದಾಗಿ ಕೂತುಬಿಟ್ಟಿದೆ. ಸಂಜೆ ಚರ್ಚಿನ ಗಂಟೆ ಹೊಡೆದರೆ ಅಂಗಳದಲ್ಲಿದ್ದವರು ಒಳಗೆ ಬರಬೇಕು. ಅಲ್ತಾರಿನ ಮುಂದೆ ದೀಪ ಹಚ್ಚಬೇಕು. ತೆರ್ಸ್ ಮುಗಿದ ಮೇಲೆ ಮಕ್ಕಳು ಮನೆಯ ಹಿರಿಯರಿಂದ ಶುರು ಮಾಡಿ ಎಲ್ಲರ ಹತ್ತಿರ ಬೆಸಾಂವ್, ಅಂದರೆ ಆಶೀರ್ವಾದ, ಕೇಳಬೇಕು. ಆಮೇಲೇ ಗಂಜಿ.

ನಿನ್ನ ಅತ್ತೆಯ ಕಡೆಯಿಂದ ಸ್ವಲ್ಪ ಯೋಚನೆ ಮಾಡು. ಬೆಳ್ತಂಗಡಿಯಲ್ಲಿ ಅವರಿಗೆ ತೋಟ ಇತ್ತು, ನೆರೆಹೊರೆ ಇತ್ತು, ತುಳುವಿನಲ್ಲಿ ಮಾತಾಡುವ ಕೆಲಸದವರಿದ್ದರು, ವಾಡೊದ (ಚರ್ಚಿನ ವಾರ್ಡಿನ) ಪ್ರಾರ್ಥನಾ ಕೂಟ ಇತ್ತು. ಹನ್ನೊಂದನೇ ಮಹಡಿಯಲ್ಲೋ ಹನ್ನೆರಡನೇ ಮಹಡಿಯಲ್ಲೋ ಅವೊಂದೂ ಇಲ್ಲ. ಹಗಲಿಡೀ ಒಬ್ಬರೇ. "ಈ ಮನೆಯಲ್ಲಿ ನನ್ನ ಮಾತೂ ಒಂದು ನಡೆಯುತ್ತದೆ" ಅಂತ ಅನ್ನಿಸುವುದು ಆ ಎಂಟು ಗಂಟೆಗೆ ಮಾತ್ರ. ಅದನ್ನೂ ಕಿತ್ತುಕೊಂಡರೆ ಅವರು ಬರೀ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸಾಗಿಬಿಡುತ್ತಾರೆ. 2020ರಲ್ಲಿ ಪೋಪ್ ಫ್ರಾನ್ಸಿಸ್ ಮರಿಯಮ್ಮನವರ ಲೆತಾನಿಗೆ ಮೂರು ಹೊಸ ಬಿರುದು ಸೇರಿಸಿದರು. ಅದರಲ್ಲೊಂದು, ಊರು ಬಿಟ್ಟು ಬಂದವರಿಗೆ ಸಾಂತ್ವನ ಕೊಡುವ ತಾಯಿ ಅಂತ. ಅತ್ತೆ ಹೇಳುವ ಲೆತಾನಿಯಲ್ಲಿ ಅದು ಇದೆಯಾ ಕೇಳಿ ನೋಡು. ಇಲ್ಲದಿದ್ದರೆ ಸೇರಿಸಿ ಹೇಳಿ. ಅವರಿಗಾಗಿಯೇ ಬರೆದ ಹಾಗಿದೆ.

ಈಗ ಕೆಲಸದ ಮಾತು. ಎಂಟು ಗಂಟೆ ಬೇಡ. ಏಳೂಕಾಲಿಗೆ ಇಟ್ಟುಕೊಳ್ಳಿ, ಮಕ್ಕಳಿಗೆ ಹೊಟ್ಟೆಗೆ ಏನಾದರೂ ಕೊಟ್ಟ ಮೇಲೆ. ವಾರದ ದಿನಗಳಲ್ಲಿ ಒಂದೇ ರಹಸ್ಯ (ಯೇಸು, ಮರಿಯಮ್ಮನವರ ಬದುಕಿನ ಒಂದು ಘಟನೆಯನ್ನು ನೆನೆಯುವ ಭಾಗ): ಒಂದು ಪರಲೋಕ ಮಂತ್ರ, ಹತ್ತು ನಮೋ ಮರಿಯ, ಒಂದು ತ್ರಿತ್ವ ಸ್ತೋತ್ರ. ಐದು ನಿಮಿಷ ಸಾಕು. ಶನಿವಾರ ಪೂರ್ತಿ ಐದು ರಹಸ್ಯ, ಲೆತಾನಿ, ಹಾಡು, ಎಲ್ಲ. ಆ ದಿನ ಅತ್ತೆಯದೇ ಯಜಮಾನಿಕೆ. ಮಗನಿಗೆ ಮಣಿ ಎಣಿಸುವ ಕೆಲಸ ಕೊಡಬೇಡ, ಆ ದಿನದ ರಹಸ್ಯ ಏನು ಅಂತ ಎರಡು ವಾಕ್ಯದಲ್ಲಿ ಹೇಳುವ ಕೆಲಸ ಕೊಡು. ಗುರುವಾರದ ಬೆಳಕಿನ ರಹಸ್ಯಗಳನ್ನು 2002ರಲ್ಲಿ ಎರಡನೇ ಜಾನ್ ಪಾಲ್ ಸೇರಿಸಿದ್ದು. ನಮ್ಮ ಕಾಲದಲ್ಲಿ ಅವು ಇರಲಿಲ್ಲ. ಅದರಲ್ಲಿ ಕಾನಾ ಊರಿನ ಮದುವೆ ಬರುತ್ತದಲ್ಲ, ಮದುವೆ ಮನೆಯಲ್ಲಿ ದ್ರಾಕ್ಷಾರಸ ಮುಗಿದು ಎಲ್ಲರಿಗೂ ತಲೆಬಿಸಿ ಆದದ್ದು. ಒಂಬತ್ತು ವರ್ಷದ ಹುಡುಗ ಅದನ್ನು ಚೆನ್ನಾಗಿ ಹೇಳುತ್ತಾನೆ. ನಾಲ್ಕು ವರ್ಷದವಳು ನಿದ್ದೆ ಹೋದರೆ ಹೋಗಲಿ ಬಿಡು. ಅವಳನ್ನು ಮಂಡಿಯೂರಿಸಬೇಡ.

ಬೆಸಾಂವ್ ಮಾತ್ರ ಒಂದು ದಿನವೂ ಬಿಡಬೇಡಿ. ತಡವಾದ ದಿನ, ಜ್ವರ ಬಂದ ದಿನ, ಜಗಳ ಆಡಿದ ದಿನ, ಪ್ರಾರ್ಥನೆ ಪೂರಾ ತಪ್ಪಿದ ದಿನವೂ ಮಕ್ಕಳು ಮಲಗುವ ಮುಂಚೆ ಅಜ್ಜಿಯ ಹತ್ತಿರ ಹೋಗಲಿ. ಅಜ್ಜಿ ಹಣೆಯ ಮೇಲೆ ಶಿಲುಬೆ ಗುರುತು ಹಾಕಲಿ. ನೀನೂ ಕೇಳು, ನಿನ್ನ ಗಂಡನೂ ಕೇಳಲಿ. ಜಗಳವಾದ ದಿನ ಇದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಅತ್ತೆಗೆ ದಿನವೂ ಪೂರ್ತಿ ತೆರ್ಸ್ ಬೇಕೇ ಬೇಕು ಅಂದರೆ, ಮಧ್ಯಾಹ್ನ ಊರಿನಲ್ಲಿರುವ ಅಕ್ಕನಿಗೋ ತಂಗಿಗೋ ವಿಡಿಯೊ ಕಾಲ್ ಮಾಡಿಕೊಡಿ. ಆ ಕಡೆಯಿಂದ ಒಬ್ಬರು ಅರ್ಧ, ಈ ಕಡೆಯಿಂದ ಒಬ್ಬರು ಅರ್ಧ. ನನಗೆ ಗೊತ್ತಿರುವ ಎಷ್ಟೋ ಹೆಂಗಸರು ಕುವೈತಿನಲ್ಲಿರುವ ಮಗಳ ಜೊತೆ ಹೀಗೇ ಹೇಳುತ್ತಾರೆ. ಆಮೇಲೆ ಅರ್ಧ ಗಂಟೆ ಊರ ಸುದ್ದಿ, ಅದೂ ಒಳ್ಳೆಯದೇ.

ಇದನ್ನೆಲ್ಲ ಅತ್ತೆಗೆ ಹೇಳಬೇಕಾದವಳು ನೀನಲ್ಲ. ಅವರ ಮಗ. ಮೀಟಿಂಗ್ ಮುಗಿಸಿ ಬಂದು ತಾಯಿಯ ಹತ್ತಿರ ಕೂತು ಹೇಳಲಿ. ಆ ಐದು ನಿಮಿಷಕ್ಕೆ ಲ್ಯಾಪ್‌ಟಾಪ್ ಮುಚ್ಚಿ ತಾನೂ ಬಂದು ಕೂರಲಿ. ಅವನು ಬಾರದಿದ್ದರೆ ಮಗನೂ ಇನ್ನು ಐದು ವರ್ಷಕ್ಕೆ ಬರುವುದಿಲ್ಲ.

ಪ್ರಶ್ನೆ: ಅಪ್ಪನಿಗೆ 67 ವರ್ಷ. ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಆದರೂ ವಿಭೂತಿ ಬುಧವಾರ (ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಶುರುವಾಗುವ ದಿನ) ಮತ್ತು ಶುಭ ಶುಕ್ರವಾರ ಉಪವಾಸ ಬಿಡುವುದಿಲ್ಲ. ಕಳೆದ ವರ್ಷ ಶಿಲುಬೆ ಹಾದಿಯ ಪ್ರಾರ್ಥನೆಯಲ್ಲಿ ತಲೆ ಸುತ್ತಿ ಬಂತು. ಹೇಗೆ ಹೇಳಲಿ?
(ಮಗಳು, ಮಂಗಳೂರು)

ಉತ್ತರ: ಈ ಪುಟವನ್ನೇ ಅವರ ಕೈಗೆ ಕೊಡಿ. ಧರ್ಮಸಭೆಯ ಕಾನೂನಿನಲ್ಲಿ ಉಪವಾಸ 18 ವರ್ಷ ತುಂಬಿದವರಿಗೆ, 59 ತುಂಬುವ ತನಕ. ನಿಮ್ಮ ತಂದೆಯವರಿಗೆ ರಜಾ ಸಿಕ್ಕಿ ಎಷ್ಟೋ ವರ್ಷವಾಯಿತು. ವಯಸ್ಸು ಕಡಿಮೆ ಇದ್ದರೂ ಕಾಯಿಲೆಯವರಿಗೆ ಕಡ್ಡಾಯ ಇಲ್ಲ. ಅದೂ ಪೂರ್ತಿ ಹಸಿದಿರುವ ಉಪವಾಸ ಅಲ್ಲ: ಒಂದು ಹೊಟ್ಟೆ ತುಂಬ ಊಟ, ಬೇಕಿದ್ದರೆ ಇನ್ನೆರಡು ಸಲ ಸ್ವಲ್ಪ ಸ್ವಲ್ಪ.

ಮಾಂಸ ಬಿಡುವುದು ಬೇರೆ ನಿಯಮ. ಅದು 14 ವರ್ಷ ತುಂಬಿದವರಿಗೆಲ್ಲ, ಮೇಲಿನ ಮಿತಿ ಇಲ್ಲ. ಅಪ್ಪ ಅದನ್ನು ಪಾಲಿಸಲಿ. ಮೀನು ತಿನ್ನಬಹುದು ಅಂತ ನಿಯಮ ಇದೆ. ಕರಾವಳಿಯವರಿಗೆ ಇದು ಸ್ವಲ್ಪ ತಮಾಷೆಯೇ. ಶುಕ್ರವಾರ ಅಂಜಲ್ ಫ್ರೈ ತಿಂದು "ತಪಸ್ಸು ಕಾಲ ನಡೀತಾ ಇದೆ" ಅನ್ನುವವರನ್ನು ನಾನು ನೋಡಿದ್ದೇನೆ.

ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಗೆ, ಅಂದರೆ ಪರಮಪ್ರಸಾದಕ್ಕೆ, ಮುಂಚಿನ ಒಂದು ಗಂಟೆಯ ಉಪವಾಸದ ಬಗ್ಗೆಯೂ ಹೇಳಿಬಿಡಿ. ನೀರು, ಮಾತ್ರೆಗೆ ಯಾವತ್ತೂ ಅಡ್ಡಿ ಇಲ್ಲ. ವಯಸ್ಸಾದವರು, ಕಾಯಿಲೆಯವರು ಆ ಒಂದು ಗಂಟೆಯೊಳಗೆ ಏನಾದರೂ ತಿಂದಿದ್ದರೂ ಪರಮಪ್ರಸಾದ ಸ್ವೀಕರಿಸಬಹುದು. ಆದ್ದರಿಂದ ಇನ್ಸುಲಿನ್ ಚುಚ್ಚಿಕೊಂಡು ತಿಂಡಿ ತಿನ್ನದೆ ಬೆಳಗಿನ ಪೂಜೆಗೆ ಓಡುವುದು ಬೇಡ. ಬಿಟ್ಟ ಊಟದ ದುಡ್ಡನ್ನು ಇಲ್ಲದವರಿಗೆ ಕೊಡುವುದೂ ತಪಸ್ಸು ಕಾಲದ ಹಳೆಯ ಪದ್ಧತಿಯೇ. ಅಪ್ಪ ಊಟ ಮಾಡಿ, ಆ ದುಡ್ಡನ್ನೂ ಕೊಡಲಿ.

ಪ್ರಶ್ನೆ: ಮಗಳು ಮದುವೆಯಾಗಬೇಕು ಅಂತಿರುವ ಹುಡುಗ ಹಿಂದೂ. ಒಳ್ಳೆಯ ಹುಡುಗ, ನಾಲ್ಕು ವರ್ಷದಿಂದ ನಮಗೂ ಗೊತ್ತು. ಅವರ ಮನೆಯವರು "ಹುಡುಗ ಮತ ಬದಲಾಯಿಸುವುದಿಲ್ಲ, ತಾಳಿ ಕಟ್ಟಲೇಬೇಕು" ಅನ್ನುತ್ತಾರೆ. ನಮ್ಮ ಅಣ್ಣಂದಿರು "ಇನ್ನು ಅವಳು ಚರ್ಚಿಗೆ ಬರುವ ಹಾಗಿಲ್ಲ" ಅನ್ನುತ್ತಾರೆ. ರಿಜಿಸ್ಟ್ರಾರ್ ಆಫೀಸಿನಲ್ಲಿ ಮುಗಿಸಿಬಿಡೋಣ ಅಂತ ಮಗಳು. ನನಗೆ ನಿದ್ದೆ ಇಲ್ಲ.
(ಒಬ್ಬ ತಂದೆ, ಹಾಸನ)

ಉತ್ತರ: ಅಣ್ಣಂದಿರು ಹೇಳುವುದು ತಪ್ಪು. ಹುಡುಗ ಮತ ಬದಲಾಯಿಸಬೇಕಾಗಿಲ್ಲ. ಜ್ಞಾನಸ್ನಾನ ಆಗದವರನ್ನು ಕ್ಯಾಥೋಲಿಕ್ ಹುಡುಗಿ ಮದುವೆಯಾಗಬೇಕಾದರೆ ಬಿಷಪರಿಂದ ವಿಶೇಷ ಅನುಮತಿ ಬೇಕು. ಡಿಸ್ಪೆನ್ಸೇಶನ್ ಅನ್ನುತ್ತಾರೆ. ಅರ್ಜಿಯನ್ನು ನಿಮ್ಮ ಧರ್ಮಕೇಂದ್ರದ ಫಾದರ್ ಮೂಲಕವೇ ಕಳಿಸುವುದು. ಅದು ಸಿಕ್ಕಿದರೆ ಚರ್ಚಿನಲ್ಲೇ ಮದುವೆ, ಮಗಳು ಮುಂಚಿನಂತೆ ಪರಮಪ್ರಸಾದ ಸ್ವೀಕರಿಸಬಹುದು.

ಮಗಳು ಎರಡು ಮಾತು ಕೊಡಬೇಕು. ತನ್ನ ವಿಶ್ವಾಸ ಬಿಡುವುದಿಲ್ಲ ಅನ್ನುವುದು ಒಂದು. ಹುಟ್ಟುವ ಮಕ್ಕಳಿಗೆ ಜ್ಞಾನಸ್ನಾನ ಕೊಡಿಸಿ ಕ್ಯಾಥೋಲಿಕರಾಗಿ ಬೆಳೆಸಲು ತನ್ನ ಕೈಲಾದದ್ದೆಲ್ಲ ಮಾಡುತ್ತೇನೆ ಅನ್ನುವುದು ಇನ್ನೊಂದು. ಹುಡುಗ ಆ ಮಾತು ಕೊಡಬೇಕಾಗಿಲ್ಲ. ಆದರೆ ಅವಳು ಹೀಗೆ ಮಾತು ಕೊಟ್ಟಿದ್ದಾಳೆ ಅಂತ ಅವನಿಗೆ ಸರಿಯಾಗಿ ಗೊತ್ತಿರಬೇಕು. ಇದನ್ನು ಮುಚ್ಚಿಟ್ಟು ಮದುವೆ ಮಾಡಿ, ಮಗು ಹುಟ್ಟಿದ ಮೇಲೆ ಎರಡೂ ಮನೆಯವರು ಆಸ್ಪತ್ರೆಯಲ್ಲೇ ಜಗಳಕ್ಕೆ ನಿಂತದ್ದನ್ನು ಕಂಡಿದ್ದೇನೆ. ಹುಡುಗನ ಅಪ್ಪ ಅಮ್ಮನಿಗೂ ಮೊದಲೇ, ನೀವೇ ಹೋಗಿ, ಕಾಫಿ ಕುಡಿಯುತ್ತಾ ಹೇಳಿ.

ತಾಳಿಯ ವಿಷಯಕ್ಕೆ ಯಾಕೆ ಭಯ? ಕರ್ನಾಟಕದ ಕನ್ನಡ ಕ್ಯಾಥೋಲಿಕರ ಮದುವೆಗಳಲ್ಲಿ ಫಾದರ್ ಮಾಂಗಲ್ಯವನ್ನು ಆಶೀರ್ವದಿಸಿ ಕೊಡುತ್ತಾರೆ, ವರ ಚರ್ಚಿನಲ್ಲೇ ಕಟ್ಟುತ್ತಾನೆ. ಹುಡುಗನ ತಾಯಿಗೆ ಅಂಥದ್ದೊಂದು ಮದುವೆಯ ವಿಡಿಯೊ ತೋರಿಸಿ. ಅರ್ಧ ಗಲಾಟೆ ಅಲ್ಲೇ ಇಳಿಯುತ್ತದೆ.

ತೊಡಕಿರುವುದು ಬೇರೆ ಕಡೆ. ಬೆಳಿಗ್ಗೆ ಚರ್ಚಿನಲ್ಲಿ, ಮಧ್ಯಾಹ್ನ ಛತ್ರದಲ್ಲಿ ಪುರೋಹಿತರನ್ನು ಕರೆಸಿ ಇನ್ನೊಮ್ಮೆ ಮದುವೆ, ಇದಕ್ಕೆ ಧರ್ಮಸಭೆ ಒಪ್ಪುವುದಿಲ್ಲ. ಒಂದೇ ಮದುವೆಗೆ ಎರಡು ಸಲ ಧಾರ್ಮಿಕ ಒಪ್ಪಿಗೆ ಕೊಡುವ ಹಾಗಿಲ್ಲ. ಆರತಕ್ಷತೆ, ಊಟ, ಹಿರಿಯರ ಕಾಲಿಗೆ ಬೀಳುವುದು, ಅಕ್ಕಿ ಕಾಳು ಹಾಕುವುದು, ಇವಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಛತ್ರದಲ್ಲಿ ಏನು ನಡೆಯುತ್ತದೆ ಅಂತ ಫಾದರ್ ಹತ್ತಿರ ಬಿಚ್ಚಿ ಮಾತಾಡಿ.

ಬರೀ ರಿಜಿಸ್ಟ್ರಾರ್ ಆಫೀಸಿನಲ್ಲಿ, ಅಂದರೆ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮುಗಿಸಿದರೆ ಸರ್ಕಾರಕ್ಕೆ ಅದು ಮದುವೆಯೇ. ಮೂವತ್ತು ದಿನದ ನೋಟಿಸ್ ಬೇಕು, ಅಷ್ಟೇ. ಆದರೆ ಧರ್ಮಸಭೆಯ ಅನುಮತಿ ಇಲ್ಲದೆ ಹಾಗೆ ಮಾಡಿದರೆ ಚರ್ಚಿನ ಲೆಕ್ಕದಲ್ಲಿ ಮದುವೆ ಆಗಿಲ್ಲ. ಆಗ ಮಗಳಿಗೆ ಪರಮಪ್ರಸಾದದ ತೊಂದರೆ ಬರುತ್ತದೆ. ಚರ್ಚಿನ ಮದುವೆಗೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಇದೆ. ಇಬ್ಬರಲ್ಲಿ ಒಬ್ಬರು ಕ್ರೈಸ್ತರಾಗಿದ್ದರೂ ಅದು ನಡೆಯುತ್ತದೆ. ಕಾಗದಪತ್ರಕ್ಕೆ ವಕೀಲರನ್ನು ಒಂದು ಮಾತು ಕೇಳಿ. ಮಗಳಿಗೆ ಜ್ಞಾನಸ್ನಾನದ ಹೊಸ ಪ್ರತಿ ಬೇಕಾಗುತ್ತದೆ, ಮದುವೆ ತಯಾರಿಯ ಕೋರ್ಸೂ ಇದೆ. ಆದ್ದರಿಂದ ಛತ್ರ ಬುಕ್ ಮಾಡುವ ಮುಂಚೆ ಫಾದರ್ ಹತ್ತಿರ ಹೋಗಿ. ನಮ್ಮ ಜನ ಇದನ್ನು ಯಾವಾಗಲೂ ತಿರುಗಾಮುರುಗಾ ಮಾಡುತ್ತಾರೆ.

ಇನ್ನೊಂದು ಸಣ್ಣ ಮಾತು. ಇಂಥ ಮದುವೆಯನ್ನು ಸಾಮಾನ್ಯವಾಗಿ ಬಲಿಪೂಜೆ ಇಲ್ಲದೆ, ವಾಚನ ಮತ್ತು ಪ್ರಾರ್ಥನೆಗಳ ವಿಧಿಯಲ್ಲಿ ಮಾಡುತ್ತಾರೆ. ಹುಡುಗನ ಕಡೆಯ ಇಡೀ ಬಳಗ ಪರಮಪ್ರಸಾದದ ಹೊತ್ತಿಗೆ ಹೊರಗಿನವರ ಹಾಗೆ ಕೂರುವುದು ತಪ್ಪುತ್ತದೆ. "ಪೂಜೆಯೇ ಇಲ್ಲವಂತೆ" ಅಂತ ನಿಮ್ಮ ಅಣ್ಣಂದಿರು ಗೊಣಗಿದರೆ ಇದನ್ನು ಹೇಳಿ.

ಮದುವೆಯ ದಿನಕ್ಕಿಂತ ಆಮೇಲಿನ ಮಂಗಳವಾರ, ಬುಧವಾರಗಳ ಬಗ್ಗೆ ಅವರಿಬ್ಬರೂ ಈಗಲೇ ಮಾತಾಡಲಿ. ಮನೆಯಲ್ಲಿ ಶಿಲುಬೆ ಎಲ್ಲಿ, ದೇವರ ಕೋಣೆ ಎಲ್ಲಿ? ಗೌರಿ ಹಬ್ಬಕ್ಕೆ ಅತ್ತೆ ಬಾಗಿನ ಕೊಟ್ಟರೆ ಏನು ಮಾಡುವುದು? ಶುಭ ಶುಕ್ರವಾರ ಅತ್ತೆ ಮನೆಯಲ್ಲಿ ನಾಮಕರಣ ಇದ್ದರೆ? ಶ್ರಾವಣದಲ್ಲಿ ಅವರು ಮಾಂಸ ಬಿಡುತ್ತಾರೆ, ತಪಸ್ಸು ಕಾಲದಲ್ಲಿ ಇವಳು ಬಿಡುತ್ತಾಳೆ, ಅಡುಗೆ ಹೇಗೆ? ಪ್ರೀತಿ ಮಾಡುವಾಗ ಇವೆಲ್ಲ ಚಿಲ್ಲರೆ ಅನ್ನಿಸುತ್ತವೆ. ಸಂಸಾರ ಅಂದರೆ ಈ ಚಿಲ್ಲರೆಯೇ ಅಲ್ವಾ?

ನೀವು ನಿದ್ದೆ ಮಾಡಿ ಸ್ವಾಮಿ. ಮಗಳು ನಿಮ್ಮ ಹತ್ತಿರ ಹೇಳಿಕೊಂಡಿದ್ದಾಳೆ. ಓಡಿಹೋಗಿಲ್ಲ.

ಪ್ರಶ್ನೆ: ಮಗ ಪಿಯುಸಿ. ಭಾನುವಾರ ಬೆಳಿಗ್ಗೆ ಕೋಚಿಂಗ್. "ಪೂಜೆ ಬೋರ್" ಅನ್ನುತ್ತಾನೆ. ಎಳೆದುಕೊಂಡು ಹೋದರೆ ಹೊರಗೆ ಬೈಕ್ ಹತ್ತಿರ ನಿಂತಿರುತ್ತಾನೆ.
(ಒಬ್ಬ ತಾಯಿ, ಶಿವಮೊಗ್ಗ)

ಉತ್ತರ: ಕೋಚಿಂಗ್ ನೆಪ ಸುಲಭವಾಗಿ ತೆಗೆಯಬಹುದು. ಶನಿವಾರ ಸಂಜೆಯ ಪೂಜೆಗೆ ಹೋದರೂ ಭಾನುವಾರದ ಪೂಜೆಗೆ ಹೋದ ಹಾಗೇ ಲೆಕ್ಕ. ಭಾನುವಾರ ಸಂಜೆ ಪೂಜೆ ಇದ್ದರೆ ಅದೂ ಆಗುತ್ತದೆ. ಭಾನುವಾರದ ಪೂಜೆ ಬಿಟ್ಟರೂ ನಡೆಯುತ್ತದೆ ಅಂತ ಮಾತ್ರ ನಾನು ಹೇಳುವುದಿಲ್ಲ, ಅವನಿಗೂ ಹೇಳಬೇಡಿ.

ಬೋರ್ ಅನ್ನುವುದಕ್ಕೆ ಬೇರೆ ಮದ್ದು. ಹದಿನಾರು ಹದಿನೇಳರ ಹುಡುಗರಿಗೆ ಸುಮ್ನೆ ಕೂರುವ ಜಾಗ ಅಂದರೆ ಆಗುವುದಿಲ್ಲ. ಕೈಗೆ ಕೆಲಸ ಕೊಡಬೇಕು. ನನ್ನ ತರಗತಿಯಲ್ಲಿ ಇಂಥವರು ಕೊನೆಯ ಬೆಂಚಿನಲ್ಲಿ ಗೋಡೆಗೆ ಒರಗಿ ಕೂರುತ್ತಾರೆ. ಅವರಿಗೆ ಮೈಕ್ ಸೆಟ್ ನೋಡಿಕೊಳ್ಳಿ ಅಂತಲೋ, ಡಿಸೆಂಬರಿನಲ್ಲಿ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟಿ ಅಂತಲೋ ಒಪ್ಪಿಸಿಬಿಡುತ್ತೇನೆ. ಗೋದಲಿಗೆ ವೈರಿಂಗ್ ಮಾಡುವಾಗ ರಾತ್ರಿ ಹನ್ನೊಂದಾದರೂ ಮನೆಗೆ ಹೋಗುವುದಿಲ್ಲ. ಅಷ್ಟು ಹೊತ್ತಿನಲ್ಲಿ ಕೇಳುವ ಪ್ರಶ್ನೆಗಳೂ ಚೆನ್ನಾಗಿರುತ್ತವೆ. "ಟೀಚರ್, ದೇವರು ಇರೋದು ನಿಜಾನಾ?" ಅಂತ ತರಗತಿಯಲ್ಲಿ ಯಾರೂ ಕೇಳುವುದಿಲ್ಲ, ಏಣಿಯ ಮೇಲೆ ನಿಂತು ಕೇಳುತ್ತಾರೆ.

ನಿಮ್ಮ ಚರ್ಚಿನಲ್ಲಿ ವಿನ್ಸೆಂಟ್ ದೆ ಪಾಲ್ ಸಭೆ ಇದ್ದರೆ ಅವರ ಜೊತೆ ಒಂದು ಬಾರಿ ಕಳಿಸಿ. ತಿಂಗಳಿಗೊಮ್ಮೆ ಬಡವರ ಮನೆಗೆ ಅಕ್ಕಿ ಬೇಳೆ ಹೊತ್ತುಕೊಂಡು ಹೋಗುತ್ತಾರಲ್ಲ, ಅವರೇ. 1833ರಲ್ಲಿ ಪ್ಯಾರಿಸ್‌ನಲ್ಲಿ ಅದನ್ನು ಶುರು ಮಾಡಿದಾಗ ಫ್ರೆಡರಿಕ್ ಓಜನಾಮನಿಗೆ ಇಪ್ಪತ್ತು ವರ್ಷ, ಕಾಲೇಜು ಹುಡುಗ. "ನೀವು ಕ್ಯಾಥೋಲಿಕರು ಈಗ ಏನು ಮಾಡುತ್ತಿದ್ದೀರಿ?" ಅಂತ ಜೊತೆಯವರು ಕೆಣಕಿದ್ದರು. ನಿಮ್ಮ ಮಗನೂ ಅದನ್ನೇ ಬೇರೆ ಮಾತಿನಲ್ಲಿ ಕೇಳುತ್ತಿರಬಹುದು.

ಮೊಬೈಲ್ ಕಿತ್ತುಕೊಳ್ಳುವ ಶಿಕ್ಷೆಯನ್ನು ಪೂಜೆಗೆ ಜೋಡಿಸಬೇಡಿ. ಪೂಜೆಯ ನೆನಪಾದಾಗಲೆಲ್ಲ ಮೊಬೈಲ್ ಕಳೆದುಕೊಂಡದ್ದು ನೆನಪಾಗುತ್ತದೆ. ಮತ್ತೆ, ಪೂಜೆಯಿಂದ ಬಂದು ನೀವು ಫಾದರ್ ಪ್ರಬೋಧನೆ ಉದ್ದವಾಯಿತು, ಗಾಯನ ಮಂಡಳಿ ಶ್ರುತಿ ತಪ್ಪಿತು ಅಂತ ಊಟದ ಹೊತ್ತಿಗೆ ಮಾತಾಡುತ್ತೀರಾ? ಹಾಗಿದ್ದರೆ ಬೋರ್ ಅನ್ನುವುದನ್ನು ಅವನು ಎಲ್ಲಿ ಕಲಿತ ಅಂತ ಹುಡುಕುವುದು ಬೇಡ.

ಪ್ರಶ್ನೆ: ಅಮ್ಮನಿಗೆ 80. "ನನ್ನನ್ನು ಹೂಳಬೇಡಿ, ಸುಟ್ಟು ಬೂದಿಯನ್ನು ಪಶ್ಚಿಮವಾಹಿನಿಯಲ್ಲಿ ಬಿಡಿ, ಪಕ್ಕದ ಮನೆಯವರಿಗೆ ಮಾಡಿದ ಹಾಗೆ" ಅನ್ನುತ್ತಾರೆ. ಕ್ಯಾಥೋಲಿಕರು ಸುಡಬಹುದಾ?
(ಮಗ, ಮಂಡ್ಯ)

ಉತ್ತರ: ಸುಡಬಹುದು. 1963ರಿಂದಲೇ ಅವಕಾಶ ಇದೆ. ಹೂಳುವುದನ್ನೇ ಧರ್ಮಸಭೆ ಹೆಚ್ಚು ಇಷ್ಟಪಡುತ್ತದೆ, ಆದರೆ ಸುಟ್ಟರೆ ತಪ್ಪಿಲ್ಲ. ಬೂದಿಯನ್ನು ನೀರಿಗೆ ಬಿಡುವುದಕ್ಕೆ ಮಾತ್ರ ಒಪ್ಪಿಗೆ ಇಲ್ಲ. ಹೊಳೆಗೆ ಬಿಡುವುದು, ಗಾಳಿಗೆ ತೂರುವುದು, ಮನೆಯ ಶೋಕೇಸಿನಲ್ಲಿ ಇಟ್ಟುಕೊಳ್ಳುವುದು ಬೇಡ, ಸ್ಮಶಾನದಂಥ ಪವಿತ್ರ ಜಾಗದಲ್ಲಿ ಇಡಬೇಕು ಅಂತ 2016ರಲ್ಲಿ ರೋಮಿನಿಂದ ಸ್ಪಷ್ಟವಾಗಿ ಹೇಳಿದ್ದಾರೆ.

ಅಮ್ಮನ ಜೊತೆ ವಾದ ಮಾಡುವ ಮುಂಚೆ "ಯಾಕಮ್ಮ ಹಾಗೆ?" ಅಂತ ಕೇಳಿ. ಈ ವಯಸ್ಸಿನವರು ಎಷ್ಟೋ ಸಲ ಮನಸ್ಸಿನಲ್ಲಿರುವುದನ್ನು ಹೇಳದೆ ಇನ್ನೊಂದನ್ನು ಹೇಳುತ್ತಾರೆ. ಒಬ್ಬರಿಗೆ ಮಣ್ಣಿನೊಳಗೆ ಮಲಗುವ ಭಯ. ಇನ್ನೊಬ್ಬರಿಗೆ, ಮಕ್ಕಳೆಲ್ಲ ಊರು ಬಿಟ್ಟಿದ್ದಾರೆ, ನವೆಂಬರ್ 2ರಂದು, ತೀರಿಕೊಂಡವರನ್ನು ನೆನೆಯುವ ದಿನ, ನನ್ನ ಗೋರಿಗೆ ಮೊಂಬತ್ತಿ ಹಚ್ಚಲು ಯಾರು ಬರುತ್ತಾರೆ ಅನ್ನುವ ಸಂಕಟ. ಎರಡನೆಯದಾದರೆ ಬರುವ ನವೆಂಬರಿಗೆ ಅಮ್ಮನನ್ನು ಕರೆದುಕೊಂಡು ಅಪ್ಪನದೋ ಅಜ್ಜಿಯದೋ ಗೋರಿಗೆ ಹೋಗಿ. ಹುಲ್ಲು ಕೀಳಿ, ಹೂವು ಇಡಿ. ಮೊಮ್ಮಕ್ಕಳೂ ಬರಲಿ. ಆಮೇಲೆ ಮಾತಾಡಿ.

ಪ್ರಶ್ನೆ: ಈ ವರ್ಷ ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಬೇಕರಿಯಿಂದ ತರಿಸಿದರೆ ನಡೆಯುತ್ತದಾ? ಅಕ್ಕಪಕ್ಕದ ಮನೆಗಳಿಗೆ ಹಂಚುವಾಗ ಏನು ನೋಡಿಕೊಳ್ಳಬೇಕು? ನಾವು ಹೊಸದಾಗಿ ಈ ಬಡಾವಣೆಗೆ ಬಂದವರು.
(ಒಬ್ಬ ಗೃಹಿಣಿ, ಹುಬ್ಬಳ್ಳಿ)

ಉತ್ತರ: ಧಾರಾಳವಾಗಿ ತರಿಸಿ. ಬೇಕರಿ ಕುಸ್ವಾರ್‌ಗೆ ಯಾವ ಪಾಪವೂ ಇಲ್ಲ. ಒಂದೇ ಒಂದು ಬಗೆ ಮಾತ್ರ ಮನೆಯಲ್ಲಿ ಮಾಡಿ, ಕಿಡಿಯೊ ಆದರೆ ಒಳ್ಳೆಯದು. ಹಿಟ್ಟಿನ ಉಂಡೆಯನ್ನು ಫೋರ್ಕ್ ಮೇಲೆ ಒತ್ತಿ ಸುರುಳಿ ಮಾಡುವುದು ಮಕ್ಕಳಿಗೆ ಹಬ್ಬಕ್ಕಿಂತ ಜಾಸ್ತಿ ಖುಷಿ. ಆಕಾರ ಕೆಟ್ಟರೂ ಎಣ್ಣೆಯಲ್ಲಿ ಎಲ್ಲ ಒಂದೇ.

ಹಂಚುವಾಗ ಎರಡು ತಟ್ಟೆ ಮಾಡಿ. ಕೇಕ್, ಕೊಕ್ಕಿಸಾಂ, ಮೊಟ್ಟೆ ಹಾಕಿದ್ದೆಲ್ಲ ಒಂದರಲ್ಲಿ. ನೆವ್ರಿ, ಚಕ್ಕುಲಿ, ತುಕ್ಡಿ, ಎಳ್ಳುಂಡೆ ಇನ್ನೊಂದರಲ್ಲಿ. ಬೇಕರಿಯವರನ್ನು ಯಾವುದರಲ್ಲಿ ಮೊಟ್ಟೆ ಇದೆ ಅಂತ ಒಂದೊಂದಾಗಿ ಕೇಳಿ. ಚೀಟಿಯಲ್ಲಿ "ಮೊಟ್ಟೆ ಇಲ್ಲ" ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆದು ತಟ್ಟೆಗೆ ಅಂಟಿಸಿ. ಮೊಟ್ಟೆ ಮುಟ್ಟದ ಮನೆಗಳಲ್ಲಿ ಕೇಳಲು ಸಂಕೋಚ ಪಟ್ಟುಕೊಂಡು ತಟ್ಟೆ ತೆಗೆದುಕೊಳ್ಳುತ್ತಾರೆ, ಆಮೇಲೆ ಕೆಲಸದವರಿಗೆ ಕೊಟ್ಟುಬಿಡುತ್ತಾರೆ. ಸ್ಟೀಲ್ ತಟ್ಟೆಯಲ್ಲೇ ಕೊಡಿ, ಪ್ಲಾಸ್ಟಿಕ್ ಡಬ್ಬ ಬೇಡ. ತಟ್ಟೆ ವಾಪಸು ಕೊಡಲು ಅವರು ಬರಬೇಕಾಗುತ್ತದೆ, ಸಂಕ್ರಾಂತಿಗೆ ಎಳ್ಳು ಬೆಲ್ಲ ಹಾಕಿಕೊಂಡೇ ಬರುತ್ತಾರೆ.